ಮೈಸೂರು ಪಾಕ್ ಹಂಚುವ ಮೊದಲು ಬಿರುಕು ಅಳೆಯಬೇಕಿತ್ತು

ನಿನ್ನೆ ಹಳೆಯ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು ಸೇತುವೆಯೊಂದರ ಲೋಡ್ ಟೆಸ್ಟಿನ ಕೊನೆಯ ದಿನ ನೋಡಲು ಹೋಗಿದ್ದೆ. ಜಲ್ಲಿ ತುಂಬಿದ ಟಿಪ್ಪರ್‌ಗಳನ್ನು ಸ್ಪ್ಯಾನಿನ (ಎರಡು ಆಸರೆಗಳ ನಡುವಿನ ಭಾಗ) ಮಧ್ಯೆ 24 ಗಂಟೆ ನಿಲ್ಲಿಸಿ, ಗರ್ಡರಿನ (ಸೇತುವೆ ಹೊರುವ ತೊಲೆ) ಕೆಳಗೆ ಬಾಗು ಅಳೆಯುವ ಡಯಲ್ ಗೇಜ್ ಇಟ್ಟು, ಭಾರ ಇಳಿಸಿದ ಮೇಲೆ ಬಾಗಿನಲ್ಲಿ ಎಷ್ಟು ಪಾಲು ಮರಳಿತೆಂದು ಅಳೆದರು. ಪ್ರಿಸ್ಟ್ರೆಸ್ಡ್ (ಒಳಗಿನ ಉಕ್ಕಿನ ಕೇಬಲ್ ಎಳೆದು ಬಿಗಿದ ಕಾಂಕ್ರೀಟ್) ಸೇತುವೆಗೆ ಐಆರ್‌ಸಿ, ಅಂದರೆ ಸೇತುವೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಕೇಳುವುದು ಶೇ. 85, ಇಲ್ಲಿ ಬಂದದ್ದು ಶೇ. 91. ಕೂಡಲೇ ಮೈಸೂರು ಪಾಕ್ ಹಂಚಿದರು. ಸುಳ್ಳೇಕೆ, ನಾನೂ ತಿಂದೆ.

ಆದರೆ ಸೇತುವೆಯ ತುದಿಯ ಆಸರೆಯಾದ ಅಬಟ್‌ಮೆಂಟಿನ ಬಳಿ, ಗರ್ಡರ್ ಕೂರುವ ಬೇರಿಂಗ್ ಪಕ್ಕದಿಂದ ಹೊರಟು ವೆಬ್ಬಿನ (ಗರ್ಡರಿನ ನೆಟ್ಟಗೆ ನಿಂತ ಭಾಗ) ಮೇಲೆ ಓರೆಯಾಗಿ ಏರಿದ್ದ ಕೂದಲೆಳೆಯಂಥ ಬಿರುಕನ್ನು, ಅದರುದ್ದಕ್ಕೂ ಸುಣ್ಣ ಒಸರಿದ ಬಿಳಿ ಗೆರೆಯನ್ನು, ಯಾರೂ ಅಳೆದಿರಲಿಲ್ಲ. ಕೇಳಿದರೆ, "ಅದು ಪ್ಲಾಸ್ಟರ್ ಬಿರುಕು ಸಾರ್" ಎಂದರು. ಗರ್ಡರಿಗೆ ಪ್ಲಾಸ್ಟರ್ ಮಾಡಿದ ಪುಣ್ಯಾತ್ಮ ಯಾರೋ!

ನಡು ಬಾಗಿ ಸೋಲುವ ಗರ್ಡರ್ ಜೋತು ಬಿದ್ದು ಮೊದಲೇ ಸೂಚನೆ ಕೊಡುವುದುಂಟು; ಶಿಯರ್‌ನಲ್ಲಿ, ಅಂದರೆ ಕತ್ತರಿಸುವಂಥ ಬಲಕ್ಕೆ ಓರೆಯಾಗಿ ಸೀಳಿ, ಸೋಲುವ ಗರ್ಡರ್ ಅಷ್ಟು ಸೌಜನ್ಯ ತೋರುವುದಿಲ್ಲ. ಶಿಯರ್ ಹೆಚ್ಚಿರುವುದು ಆಸರೆಯ ಬಳಿ, ನಾವು ಅಳೆಯುವುದು ನಡುವಿನ ಬಾಗು. ಓರೆಯಾಗಿ ಎಳೆದ ಕೇಬಲ್ ಶಿಯರ್‌ನ ಒಂದು ಪಾಲನ್ನು ತಾನೇ ಹೊರುತ್ತದೆ ನಿಜ, ಆದರೆ ಕಾಂಕ್ರೀಟ್ ಕಾಲಕ್ರಮೇಣ ಕುಗ್ಗುವ ಕ್ರೀಪ್, ಶ್ರಿಂಕೇಜ್‌ಗಳಿಂದ ಬಿಗಿ ಸಡಿಲಿದ್ದರೆ, ಗ್ರೌಟ್ (ಸಿಮೆಂಟ್ ಗಾರೆ) ತುಂಬದ ಡಕ್ಟಿನಲ್ಲಿ (ಕೇಬಲ್ ಸಾಗುವ ಕೊಳವೆ) ತಂತಿ ತುಕ್ಕು ಹಿಡಿದಿದ್ದರೆ, ಆ ಪಾಲು ಎಷ್ಟು ಉಳಿದಿದೆಯೆಂದು ಡಯಲ್ ಗೇಜ್ ಹೇಳಲಾರದು. ಜರ್ಮನಿಯಲ್ಲಿ 1966ಕ್ಕೆ ಮೊದಲು ಪ್ರಿಸ್ಟ್ರೆಸ್ಡ್ ಗರ್ಡರಿಗೆ ಕನಿಷ್ಠ ಇಷ್ಟು ಸ್ಟಿರಪ್ (ಶಿಯರ್ ತಡೆಯುವ ಕಬ್ಬಿಣದ ಬಳೆ) ಇರಬೇಕೆಂಬ ನಿಯಮವೇ ಇರಲಿಲ್ಲ. ಅಂಥ ಹಳೆಯ ಸೇತುವೆಗಳನ್ನು ಮರಳಿ ಲೆಕ್ಕ ಹಾಕಲೆಂದೇ ಅವರು 2011ರಲ್ಲಿ ಪ್ರತ್ಯೇಕ ಮಾರ್ಗಸೂಚಿ ತಂದರು. ನಮಗೆ ಟಿಪ್ಪರ್ ಸಾಕು.

ಕೆನಡಾದ ಲಾವಾಲ್‌ನಲ್ಲಿ 2006ರ ಸೆಪ್ಟೆಂಬರ್ 30ರಂದು ಮೇಲ್ಸೇತುವೆ ಕುಸಿದು 5 ಮಂದಿ ಸತ್ತರು. ಮುರಿದದ್ದು ಸ್ಟಿರಪ್ ಇಲ್ಲದ ದಪ್ಪ ಸ್ಲ್ಯಾಬ್. ಅದಕ್ಕೆ ಪ್ರಿಸ್ಟ್ರೆಸ್ ಇರಲಿಲ್ಲ, ಆದರೆ ಸೋಲು ಶಿಯರ್‌ನದೇ. ಕುಸಿಯುವ ತುಸು ಮೊದಲು, ಕಾಂಕ್ರೀಟ್ ಉದುರುತ್ತಿದೆಯೆಂಬ ದೂರಿಗೆ ರಸ್ತೆ ಇಲಾಖೆಯ ಗಸ್ತಿನವರು ಬಂದು ನೋಡಿ ಹೋಗಿದ್ದರು.

ಲೆಕ್ಕದಲ್ಲಿ ಬರುವುದಕ್ಕಿಂತ ನಿಜವಾದ ಶಿಯರ್ ಬಲ ಹೆಚ್ಚೇ ಇರುತ್ತದೆ, ಸುಮ್ಮನೆ ಹೆದರಿಸಬೇಡಿ ಎನ್ನುವ ಪ್ರೊಫೆಸರ್ ಮಿತ್ರರಿದ್ದಾರೆ. ಪ್ರಯೋಗಾಲಯದಲ್ಲಿ ಹಾಗೆ ಕಂಡದ್ದುಂಟು, ಒಪ್ಪುತ್ತೇನೆ. ಆದರೆ ಅಲ್ಲಿ ಸ್ಟಿರಪ್ ಎಷ್ಟು, ಕೇಬಲಿನ ಬಿಗಿ ಎಷ್ಟು ಎಂದು ಮೊದಲೇ ಗೊತ್ತಿರುತ್ತದೆ. ನಿನ್ನೆಯ ಸೇತುವೆಯ ಡ್ರಾಯಿಂಗ್ ಗೆದ್ದಲು ತಿಂದು ಎಷ್ಟು ವರ್ಷವಾಯಿತೋ.

2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದು ಕಾರವಾರದ ಹಳೆಯ ಕಾಳಿ ಸೇತುವೆ ಬಿದ್ದಂದಿನಿಂದ, ಊರಿನ ಯಾವ ಸೇತುವೆಯ ಮಾತು ಬಂದರೂ ಪರಿಚಯದವರು ನನ್ನನ್ನು ಕೇಳುವುದು ಒಂದೇ: "ಲೋಡ್ ಟೆಸ್ಟ್ ಆಗಿದೆಯಾ ಸಾರ್?" ಆಗಿದೆ ಎಂದರೆ ಅವರಿಗೆ ಸಮಾಧಾನ. ಆ ಸಮಾಧಾನವನ್ನು ಹಂಚಿದವರಲ್ಲಿ ನಾನೂ ಒಬ್ಬ. ಸೇವೆಯಲ್ಲಿದ್ದಾಗ ಇಂಥದ್ದೇ ಒಂದು ವರದಿಗೆ, ತುದಿಯ ವೆಬ್ಬನ್ನು ಇಣುಕಿಯೂ ನೋಡದೆ, "ಸೇತುವೆ ಸುರಕ್ಷಿತ" ಎಂದು ಬರೆದು ಸಹಿ ಹಾಕಿದ್ದೇನೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಇಂದಿಗೂ ನನಗೆ ನಿದ್ದೆ ಹತ್ತುವುದಿಲ್ಲ.

ಹೊರಡುವ ಮುನ್ನ ಬಿರುಕಿನ ಮೇಲ್ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆದು ಬಂದಿದ್ದೇನೆ. ದಸರಾ ಕಳೆದ ಮೇಲೆ ಮತ್ತೆ ಹೋಗುತ್ತೇನೆ.