ದಾಖಲೆಯ ಒಂದು ಸಾಲಿನಲ್ಲಿ ಉಳಿದ ಊರು

ಮಾರಿಷಸ್‌ಗೆ ಹೋಗಿಬಂದವರು ಸಮುದ್ರತೀರಗಳನ್ನು ಹೊಗಳುತ್ತಾರೆ. ಗಂಗಾ ತಲಾವ್‌ನ ದಡದ ಶಿವನ ಮೂರ್ತಿಯನ್ನು ನೆನೆದು, "ನಮ್ಮ ಸಂಸ್ಕೃತಿಯನ್ನು ಅಲ್ಲಿನ ಭಾರತೀಯ ಮೂಲದವರು ನಮಗಿಂತ ಚೆನ್ನಾಗಿ ಉಳಿಸಿಕೊಂಡಿದ್ದಾರೆ" ಎನ್ನುತ್ತಾರೆ. ಮಾತಿನಲ್ಲಿ ಪ್ರೀತಿಯಿದೆ, ಆದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ದಿನದ ಮಾತಿಗೆ ಫ್ರೆಂಚ್ ಮೂಲದ ಕ್ರಿಯೋಲ್, ಮದುವೆಯ ಹಾಡಿಗೆ ಭೋಜಪುರಿ, ರಸ್ತೆಬದಿಯ ಹಸಿವಿಗೆ ದಾಲ್‌ಪುರಿ ಎಂದು ಬದುಕನ್ನು ಕಟ್ಟಿಕೊಂಡಿರುವ ಆ ಜನ ನಮ್ಮದನ್ನು ನಮಗಾಗಿ ಕಾಯ್ದಿಟ್ಟವರಲ್ಲ. ಅದು ಅವರದೇ ಸಂಸ್ಕೃತಿ, ಬಹಳ ಕಷ್ಟದಿಂದ ಕಟ್ಟಿದ್ದು.

ಆ ಕಷ್ಟ ಎಷ್ಟೆಂದು ತಿಳಿಯಬೇಕಾದರೆ ಪೋರ್ಟ್ ಲೂಯಿಯ ಬಂದರಿನಲ್ಲಿರುವ ಆಪ್ರವಾಸಿ ಘಾಟ್‌ಗೆ ಅರ್ಧ ದಿನವನ್ನಾದರೂ ಕೊಡಬೇಕು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಭಾರತದಿಂದ 36 ಮಂದಿ ಕರಾರಿನ ಕೂಲಿಗಳನ್ನು ತಂದು ಇಳಿಸಿತು. 1849ರಿಂದ ಈ ಘಾಟ್ ವಲಸೆಯ ಠಾಣೆಯಾಯಿತು. ಹೆಚ್ಚುಕಡಿಮೆ ಐದು ಲಕ್ಷ ಜನ ಬಂದು, ಹಲವರು ಇಲ್ಲಿಂದಲೇ ಬೇರೆ ವಸಾಹತುಗಳಿಗೂ ಸಾಗಿದರು. 2006ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅವರು ಹತ್ತಿಬಂದ ಕಲ್ಲಿನ ಮೆಟ್ಟಿಲುಗಳು ಇಂದಿಗೂ ಇವೆ. ಅವುಗಳ ಮುಂದೆ ನಿಂತಾಗ ನನಗೆ ಮಾತು ಹೊರಡಲಿಲ್ಲ.

ಬಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಜಾತಿ, ಜಿಲ್ಲೆ, ಹಳ್ಳಿ ಎಲ್ಲವನ್ನೂ ಗುಮಾಸ್ತರು ಬರೆದುಕೊಂಡರು. ತೋಟ ಬಿಟ್ಟು ಓಡಿಹೋದರೆ ಹಿಡಿದು ತರಲು ಅನುಕೂಲವಾಗಲೆಂದು ಇಟ್ಟ ಲೆಕ್ಕ ಅದು. ಈಗ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿರುವ ಅದೇ ಕಡತಗಳನ್ನು ತೆರೆದು ಮರಿಮಕ್ಕಳು ತಮ್ಮ ಊರನ್ನು ಹುಡುಕುತ್ತಾರೆ. ಕಾವಲಿಗಾಗಿ ಬರೆದ ಸಾಲೇ ಮನೆಗೆ ದಾರಿಯಾಗಿರುವುದು ನನ್ನನ್ನು ಇನ್ನೂ ಕಾಡುತ್ತಿದೆ.

ತಮ್ಮ ಹಿರಿಯರ ಊರನ್ನು ನೋಡಲು ಬಿಹಾರದ ಹರಿಗಾಂವ್‌ಗೆ ಮಾರಿಷಸ್‌ನ ನವೀನ್ ರಾಮ್‌ಗುಲಾಂ, ಬಕ್ಸರ್ ಬಳಿಯ ಭೇಲುಪುರಕ್ಕೆ ಟ್ರಿನಿಡಾಡ್‌ನ ಕಮಲಾ ಪ್ರಸಾದ್ ಬಿಸೇಸರ್ ಪ್ರಧಾನಿಗಳಾಗಿದ್ದಾಗಲೇ ಬಂದರು. ಅಧಿಕಾರದಲ್ಲಿರುವವರಿಗೆ ಊರು ತಾನಾಗಿ ತೆರೆದುಕೊಳ್ಳುತ್ತದೆ. ಮಾರಿಷಸ್‌ನ ಭಾರತೀಯ ಮೂಲದ ಏಳನೆಯ ತಲೆಮಾರಿನವರಿಗೂ ಸಾಗರೋತ್ತರ ಪೌರತ್ವ (ಒಸಿಐ) ಕಾರ್ಡ್ ನೀಡುವ ಅವಕಾಶವನ್ನು ಭಾರತ 2024ರಲ್ಲಿ ಪ್ರಕಟಿಸಿದ್ದು ಒಳ್ಳೆಯದೇ. ಆದರೆ ಕಾರ್ಡ್ ಹಿಡಿದು ಬಂದ ಸಾಮಾನ್ಯನಿಗೆ ಊರು ಯಾವುದೆಂದು ತೋರಿಸುವವರು ಬೇಕಲ್ಲವೇ?

ಇದು ಬರೀ ಬಿಹಾರದ ವಿಚಾರವಲ್ಲ. ಮದ್ರಾಸ್ ಬಂದರಿನಿಂದಲೂ ಹಡಗುಗಳು ಹೊರಟವು. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಆ ಕಡತಗಳನ್ನು ಕನ್ನಡದ ಕಣ್ಣಿನಿಂದ ಒಬ್ಬರಾದರೂ ಪುಟ ಪುಟವಾಗಿ ಓದಬೇಕೆಂಬುದು ನನ್ನ ಆಸೆ.

ಹೀಗೆನ್ನಲು ಕಾರಣ ನಮ್ಮ ಟ್ಯಾಕ್ಸಿಯ ಚಾಲಕರು. ತೆಲುಗು ಮೂಲದ ಅವರಿಗೆ ಮನೆಯಲ್ಲಿ ತೆಲುಗು ಉಳಿದಿಲ್ಲ. ಮುತ್ತಜ್ಜನ ದಾಖಲೆಯ ನಕಲನ್ನು ಮಡಚಿ ಕಾರಿನಲ್ಲೇ ಇಟ್ಟುಕೊಂಡಿದ್ದರು. ಅದರಲ್ಲಿ ಜಿಲ್ಲೆ ವಿಶಾಖಪಟ್ಟಣ. ಹಳ್ಳಿಯ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ಅಲ್ಲಿರುವುದು 'ದ'ಯೋ 'ಡ'ಯೋ, 'ಲ'ವೋ 'ಳ'ವೋ ಎಂಬುದು ಆ ಅಕ್ಷರಗಳಿಂದ ತಿಳಿಯುವಂತಿರಲಿಲ್ಲ. ಹೇಗೆ ಹೇಳಬೇಕೆಂದು ಅವರು ಕೇಳಿದರು. ನಾನು ನಾಲ್ಕು ಬಗೆಯಲ್ಲಿ ಹೇಳಿದೆ. ಅವರು ಕಾರನ್ನು ಬದಿಗೆ ನಿಲ್ಲಿಸಿ, ನಾಲ್ಕನ್ನೂ ಒಂದೊಂದಾಗಿ ನನ್ನ ಹಿಂದೆ ಹೇಳಿ, ಫೋನಿನಲ್ಲಿ ನನ್ನ ದನಿಯನ್ನು ಮುದ್ರಿಸಿಕೊಂಡರು. ಮನೆಯಲ್ಲಿ ತಾಯಿಗೆ ಕೇಳಿಸಬೇಕೆಂದರು.