ಸತ್ಯಾಂಶ: 'ಪಾಶ್' ಪದ ಹಡಗಿನ ಟಿಕೆಟಿನಿಂದ ಬಂದದ್ದಲ್ಲ

ಕಾಸರಗೋಡಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಗಲ್ಫ್ ದುಡ್ಡಿನ ಹೊಸ ಮನೆ ಫೋಟೋ ಹಾಕಿ 'ಪಾಶ್' (posh, ಅಂದರೆ ಠೀವಿಯದ್ದು) ಅಂದರೆ ಸಾಕು, ಹಿಂದೆಯೇ ಆ ಫಾರ್ವರ್ಡ್ ಬರುತ್ತದೆ. ಇಂಗ್ಲೆಂಡಿನಿಂದ ಮುಂಬೈಗೆ ಬರುವಾಗ ಹಡಗಿನ ಎಡಬದಿಗೆ ನೆರಳು, ವಾಪಸು ಹೋಗುವಾಗ ಬಲಬದಿಗೆ. ದುಡ್ಡಿದ್ದ ಸಾಹೇಬರ ಟಿಕೆಟಿಗೆ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' (ಹೋಗುವಾಗ ಎಡ, ಮರಳುವಾಗ ಬಲ) ಎಂಬುದರ ಇಂಗ್ಲಿಷ್ ಮೊದಲಕ್ಷರಗಳ, ಅಂದರೆ POSH ಎಂಬ ಮುದ್ರೆ ಬೀಳುತ್ತಿತ್ತಂತೆ, ಪದ ಅಲ್ಲಿಂದಲೇ ಬಂತಂತೆ.

ನೆರಳಿನ ಲೆಕ್ಕ ಸರಿಯೇ. ಮುದ್ರೆಯ ಕಥೆ ಮಾತ್ರ ಸುಮ್ನೆ. ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯ ಅಂಥ ಮುದ್ರೆಯಿರುವ ಒಂದೇ ಒಂದು ಟಿಕೆಟ್ ಇದುವರೆಗೆ ಸಿಕ್ಕಿಲ್ಲ. ಠೀವಿಯ ಅರ್ಥದಲ್ಲಿ ಈ ಪದ 1914ರ ಹೊತ್ತಿಗೇ ಅಚ್ಚಿನಲ್ಲಿದೆ. ಹಡಗಿನ ವಿವರಣೆ ಕಾಣಿಸಿಕೊಂಡದ್ದು 1930ರ ದಶಕದಲ್ಲಿ. ಪದದ ನಂತರ ಹುಟ್ಟಿದ ಕಥೆ, ಅಲ್ವಾ?

ಅದಕ್ಕೂ ಮೊದಲು, 19ನೇ ಶತಮಾನದ ಲಂಡನ್ನಿನ ಬೀದಿಮಾತಿನಲ್ಲಿ 'ಪಾಶ್' ಎಂದರೆ ಚಿಲ್ಲರೆ ಕಾಸು. ಮುಂದೆ ಶೋಕಿಲಾಲನಿಗೂ ಅದೇ ಹೆಸರು ಬಿತ್ತು. ಕಾಸಿನ ಅರ್ಥ ಯುರೋಪಿನ ರೊಮಾ ಜನರ ರೊಮಾನಿ ಭಾಷೆಯದು. ಅಲ್ಲಿ ಅದು 'ಅರ್ಧ', ಅರ್ಧ ಪೆನ್ನಿಯ ನಾಣ್ಯದ ಲೆಕ್ಕ. ರೊಮಾನಿಯ ಬೇರು ಉತ್ತರ ಭಾರತದ್ದು, ಹಾಗಾಗಿ ಭಾರತದ ನಂಟು ಹುಡುಕುವವರಿಗೆ ಹಡಗಿಗಿಂತ ಇದೇ ಒಳ್ಳೆಯ ದಾರಿ. ಇಂದಿನ ಅರ್ಥ ಇದರಿಂದಲೇ ಬಂತೆಂದು ನಿಘಂಟುಕಾರರು ಖಚಿತವಾಗಿ ಹೇಳುವುದಿಲ್ಲ.

ಖಚಿತ ಮೂಲವಿರುವ ಇಂಥದೇ ಇಂಗ್ಲಿಷ್ ಪದ ಬೇಕಿದ್ದರೆ 'ಸಿಬರೈಟ್' ಇದೆ. ಭೋಗಜೀವಿ ಎಂದರ್ಥ, ಬಳಕೆ ಕಡಿಮೆ. ದಕ್ಷಿಣ ಇಟಲಿಯ ಸಿಬಾರಿಸ್ ಎಂಬ ಗ್ರೀಕ್ ಪಟ್ಟಣದ ಹೆಸರಿನಿಂದ ಬಂದದ್ದು ಅದು. ಅಲ್ಲಿಯವರ ಸುಖಜೀವನ ಪ್ರಸಿದ್ಧ. ಕ್ರಿ.ಪೂ. 510ರಲ್ಲಿ ನೆರೆಯ ಕ್ರೋಟನ್‌ನವರು ಅದನ್ನು ನಾಶಮಾಡಿದರು.