ನಾಯಿಗೂ ಒಂದು ಸ್ವಾಗತ ಕಮಾನು

ನಮ್ಮೂರಿಗೆ ಬರಲಿರುವ ಪ್ರಾಣಿಗಳ ಆಶ್ರಯ ಕೇಂದ್ರದ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬೇಕು. ನನಗಂತೂ ನಾಲ್ಕು ಸಲ ಬಂತು. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಆಕಾಶ ಕಡು ನೀಲಿ. ಕೊಡಗಿನಲ್ಲಿ ಅಷ್ಟು ನೀಲಿ ಆಕಾಶ ಕಂಡರೆ ನಾವು ಕಣದಲ್ಲಿ ಕಾಫಿ ಹರಡಲು ಓಡುತ್ತೇವೆ. ಎದುರಿಗೆ ದೊಡ್ಡ ಸ್ವಾಗತ ಕಮಾನು. ಅದರ ಎರಡೂ ಬದಿಗೆ ಸಿಮೆಂಟಿನ ಆನೆ. ಮಡಿಕೇರಿ ಕೋಟೆಯೊಳಗೆ ರಾಜರ ಕಾಲದ ಎರಡು ಆನೆ ನಿಂತಿವೆಯಲ್ಲ, ಅವನ್ನು ನೋಡಿ ಬಂದವರಿಗೆಲ್ಲ ಆನೆ ಮಾಡಿಸುವ ಚಪಲ. ಪಕ್ಕದಲ್ಲಿ ಸೆಲ್ಫಿ ಪಾಯಿಂಟ್. ಹುಲ್ಲಿನ ಮೇಲೆ ಒಂದು ಕುಟುಂಬ ನಗುತ್ತಾ ನಿಂತಿದೆ.

ನಾಯಿ ಎಲ್ಲಿ ಅಂತ ಹುಡುಕಿದೆ. ಮೂಲೆಯಲ್ಲಿ ಒಂದು ಸಿಕ್ಕಿತು. ಬಿಳೀ ಬಣ್ಣ, ಫಾರಿನ್ ತಳಿ, ಈಗಷ್ಟೇ ಶಾಂಪೂ ಹಾಕಿ ಮೀಯಿಸಿದ ಹಾಗಿದೆ. ನಮ್ಮ ಬಸ್ ಸ್ಟ್ಯಾಂಡಿನ ಕೆಂಪ ಅದನ್ನು ಕಂಡರೆ ಟೂರಿಸ್ಟು ಅಂದುಕೊಂಡು ಬಿಸ್ಕತ್ತಿಗೆ ಬಾಲ ಅಲ್ಲಾಡಿಸುತ್ತಾನೆ.

ಈ ಗಡಿಬಿಡಿಗೆಲ್ಲ ಸುಪ್ರೀಂ ಕೋರ್ಟು ಕಾರಣ ಅಂತ ನಿಮಗೂ ಗೊತ್ತು. 2025ರ ಆಗಸ್ಟಿನಲ್ಲಿ ಮೊದಲು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಒಳಗೆ ಹಾಕಿ ಅಂದಿತು. ಹನ್ನೊಂದೇ ದಿನ ಕಳೆದು, ಮರಿ ಹಾಕದ ಹಾಗೆ ಆಪರೇಷನ್ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ ಅಂದಿತು. ನವೆಂಬರಿನಲ್ಲಿ, ದೇಶದಲ್ಲೆಲ್ಲ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನಿನಲ್ಲಿ ಹಿಡಿದವನ್ನು ಮಾತ್ರ ಅಲ್ಲಿಗೆ ಬಿಡಬೇಡಿ, ಆಶ್ರಯ ಕೇಂದ್ರದಲ್ಲಿಡಿ ಅಂದಿತು. ರೈಲ್ವೆ ಸ್ಟೇಷನ್ನಿನ ಕೆಲಸ ಕೊಡಗಿನಲ್ಲಿ ನೂರಕ್ಕೆ ನೂರು ಮುಗಿದಿದೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಈ ಸಾಧನೆಗೆ ಇನ್ನೂ ಯಾಕೆ ಫ್ಲೆಕ್ಸ್ ಕಟ್ಟಿಲ್ಲವೋ.

ಬಸ್ ಸ್ಟ್ಯಾಂಡಿನದ್ದೇ ಕಷ್ಟ. ಕೆಂಪ ಮಲಗುವುದು ಸ್ಟ್ಯಾಂಡಿನ ಒಳಗೆ, ತಿನ್ನುವುದು ಆಚೆ ರಸ್ತೆಯ ಕೋಳಿ ಅಂಗಡಿ ಎದುರು. ಅಂಗಡಿ ಎದುರು ಹಿಡಿದರೆ ವಾಪಸ್ ಬಿಡಬೇಕು, ಒಳಗೆ ಹಿಡಿದರೆ ಬಿಡಬಾರದು. ಪಾಪ, ಅವನಿಗೆ ಓದು ಬರಹ ಬರುವುದಿಲ್ಲ. ಬಾಲ ಒಳಗೆ, ತಲೆ ಹೊರಗೆ ಇಟ್ಟು ಮಲಗಿದ್ದರೆ ಏನು ಮಾಡುತ್ತಾರೋ ನೋಡಬೇಕು.

ಮುಂಚೆ ಊರುಗಳಲ್ಲಿ ದೊಡ್ಡಿ ಇರುತ್ತಿತ್ತು. ಬೇಲಿ ಹಾರಿದ ದನವನ್ನು ಅಲ್ಲಿ ಕೂಡುತ್ತಿದ್ದರು. ಬ್ರಿಟಿಷರು 1871ರಲ್ಲೇ ಅದಕ್ಕೊಂದು ಕಾಯಿದೆ ಮಾಡಿದ್ದರು. ಒಳಗಿರುವ ತನಕ ಮೇವು ನೀರು ಕೊಡಬೇಕು, ಅದರ ಖರ್ಚನ್ನೂ ದಂಡವನ್ನೂ ದನದ ಯಜಮಾನ ಕಟ್ಟಬೇಕು. ನಾಲ್ಕು ಗೋಡೆ, ಒಂದು ಗೇಟು, ಒಂದು ನೀರಿನ ತೊಟ್ಟಿ. ಮುಗಿಯಿತು. ದೊಡ್ಡಿಗೆ ಯಾರೂ ಕಮಾನು ಕಟ್ಟಿಸಲಿಲ್ಲ. ದಂಡದ ಆ ಪದ್ಧತಿ ನಾಯಿಗೂ ಇದ್ದಿದ್ದರೆ, ಫೋಟೋ ಚಂದ ಬರುತ್ತದೆ ಅಂತ ಹೋಮ್‌ಸ್ಟೇಗೆ ಹಸ್ಕಿ ತಂದು, ಸೀಸನ್ ಮುಗಿದ ಮೇಲೆ ಘಾಟಿ ರಸ್ತೆಯಲ್ಲಿ ಇಳಿಸಿ ಹೋಗುವವರಿಂದಲೇ ಈ ಕೇಂದ್ರದ ಖರ್ಚು ಹುಟ್ಟುತ್ತಿತ್ತು.

ನಮ್ಮಲ್ಲಿ ಒಬ್ಬರು ರಿಟೈರಾದ ಕಾಂಪೌಂಡರ್ ಇದ್ದಾರೆ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರಿಂದ ಊರಿಗೆಲ್ಲ ಅವರು ಡಾಕ್ಟ್ರೇ. ಕೇಂದ್ರದ ನಕ್ಷೆ ತೆಗೆದುಕೊಂಡು ಅವರ ಮನೆಗೆ ಹೋದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಬಾಗಿಲೆಲ್ಲ ಪಶ್ಚಿಮಕ್ಕೆ ಇಟ್ಟಿದ್ದಾರಲ್ಲ ಮಾರಾಯ್ರೇ?"

"ಸಂಜೆ ಸೂರ್ಯ ಮುಳುಗುವುದು ಚಂದ ಕಾಣುತ್ತದಂತೆ ಡಾಕ್ಟ್ರೇ."

"ನಾಯಿಗಾ?"

ಜೂನ್ ಬಂದರೆ ನಮ್ಮಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ಪಶ್ಚಿಮದಿಂದ ಅಡ್ಡಕ್ಕೆ ಬರುತ್ತದೆ. ಆ ಕಡೆಯ ಜಗಲಿಗೆ ನಾವು ತಟ್ಟಿ ಕಟ್ಟುತ್ತೇವೆ, ಇಲ್ಲದಿದ್ದರೆ ಪ್ಲಾಸ್ಟಿಕ್ ಹೊದಿಸುತ್ತೇವೆ. ನಕ್ಷೆಯಲ್ಲಿ ಆ ಕಡೆಗೆ ಬರೀ ಕಂಬಿ. ಮೇಲೆ ತಗಡಿನ ಶೀಟು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತು ನಮಗೇ ಕೇಳುವುದಿಲ್ಲ. ನಾಯಿಯ ಕಿವಿ ನಮ್ಮದಕ್ಕಿಂತ ಎಷ್ಟೋ ಚುರುಕು. ಸಾಲದ್ದಕ್ಕೆ ಗೂಡುಗಳು ಎದುರುಬದುರು. ಒಂದು ಬೊಗಳಿದರೆ ಎದುರಿನದು ಬೊಗಳುತ್ತದೆ, ಆಮೇಲೆ ಸಾಲಿಗೆ ಸಾಲೇ. ಬರೀ ಸಿಮೆಂಟ್ ಗೋಡೆ ಇರುವ ಇಂಥ ಕಡೆ ಸದ್ದು 100 ಡೆಸಿಬಲ್ ದಾಟುತ್ತದೆ. ಬೆಕ್ಕುಗಳ ಕೋಣೆ ಇದಕ್ಕೆ ಅಂಟಿಕೊಂಡೇ ಇದೆ. ಸೌಹಾರ್ದ ಇರಬೇಕಲ್ವಾ!

ಡಾಕ್ಟ್ರು ಬೆರಳಿಟ್ಟು ತೋರಿಸಿದ್ದು ಚರಂಡಿಯನ್ನು. ರೋಗದ ನಾಯಿಗಳ ಕೋಣೆಯಿಂದ ಹೊರಟು, ಮರಿಗಳ ಕೋಣೆಯ ನಡುವೆ ಹಾದು, ಆಚೆ ಹೋಗುತ್ತದೆ. ಒಂದೇ ಚರಂಡಿ, ಉಳಿತಾಯ. ಪಾರ್ವೊ ಅಂತ ಒಂದು ಕಾಯಿಲೆ ಇದೆ, ಮರಿಗಳಿಗೆ ರಕ್ತಭೇದಿ ಹತ್ತಿ ಎರಡು ಮೂರು ದಿನಕ್ಕೆ ಸಾಯುತ್ತವೆ. ಅದರ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸುಮ್ನೆ ಫಿನಾಯಿಲ್ ಸುರಿದರೆ ಹೋಗುವಂಥದ್ದಲ್ಲ. ಹೊಸದಾಗಿ ಬಂದ ನಾಯಿಯನ್ನು ಬೇರೆ ಇಡಲು ಒಂದು ಕೋಣೆ ಇದೆಯಾ ಅಂತ ಹುಡುಕಿದೆವು. ಇರಲಿಲ್ಲ. ವಿಐಪಿ ಕೋಣೆ ಇತ್ತು, ಅಟ್ಯಾಚ್ಡ್ ಬಾತ್‌ರೂಮ್ ಸಮೇತ.

ನಾಯಿಗೆ ಏನು ಬೇಕು ಅಂತ ತಿಳಿಯಲು ಬೆಂಗಳೂರಿಂದ ಎಂಜಿನಿಯರ್ ಬರಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮನೆ ನಾಯಿ ಎಲ್ಲಿರುತ್ತದೆ ಅಂತ ಬಂದು ನೋಡಿದರೆ ಸಾಕು. ಬಚ್ಚಲೊಲೆಯ ಬೆಂಕಿ ಆರಿದ ಮೇಲೆ ಒಲೆಯೊಳಗೇ ನುಗ್ಗಿ, ಬೆಚ್ಚಗಿನ ಬೂದಿಯಲ್ಲಿ ಸುರುಳಿ ಸುತ್ತಿ, ಬೆನ್ನು ಕಲ್ಲಿಗೆ ಒತ್ತಿ, ಮೂತಿಯನ್ನು ಬಾಗಿಲ ಕಡೆ ಇಟ್ಟು ಮಲಗಿರುತ್ತದೆ. ಕರಿ ನಾಯಿ ಬೆಳಿಗ್ಗೆ ಬೂದು ನಾಯಿಯಾಗಿ ಎದ್ದು ಬಂದು ಹೊಸ್ತಿಲಲ್ಲಿ ಮೈ ಕೊಡವುತ್ತದೆ. ಅಮ್ಮ ಬೈಯುತ್ತಾರೆ. ರಾತ್ರಿ ಮತ್ತೆ ಅದೇ ಒಲೆ. ಒಣ ಜಾಗ, ಬೆನ್ನಿಗೊಂದು ಗೋಡೆ, ಬರುವವರು ಕಾಣುವ ಹಾಗೆ ಒಂದು ಕಂಡಿ. ಅದಕ್ಕೆ ಸ್ವಾಗತ ಅಂದರೆ ಇಷ್ಟೇ.

ತಮಾಷೆ ಸಾಕು. ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ತೋಟದ ಲೈನ್ ಮನೆಯ ಹುಡುಗಿಗೆ ಶಾಲೆಗೆ ಹೋಗುವಾಗ ನಾಯಿ ಕಚ್ಚಿತು. ಕಚ್ಚಿದ ದಿನ, 3ನೇ ದಿನ, 7ನೇ ದಿನ, 28ನೇ ದಿನ ಇಂಜೆಕ್ಷನ್. ನಾಲ್ಕು ಸಲವೂ ಅಪ್ಪ ಕೂಲಿ ಬಿಟ್ಟು ಮಗಳನ್ನು ಕರೆದುಕೊಂಡು ಹೋದ. ಬಿಡುವ ಹಾಗಿಲ್ಲ, ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆ ನಾಯಿಗೆ ಯಾರಾದರೂ ಲಸಿಕೆ ಹಾಕಿದ್ದರಾ? ಆಪರೇಷನ್ ಮಾಡಿದ ಗುರುತಿಗೆ ಕಿವಿ ಕತ್ತರಿಸಿದ್ದರಾ? ಏನೂ ಇಲ್ಲ. ಆಪರೇಷನ್ನಿಗೆ ಡಾಕ್ಟರಿಲ್ಲ, ಹಿಡಿಯಲು ಬಲೆ ಇಲ್ಲ, ಕೊಂಡೊಯ್ಯಲು ಗಾಡಿ ಇಲ್ಲ. ಕೇಳಿದರೆ ದುಡ್ಡಿಲ್ಲ. ಕಮಾನಿಗೆ ಮಾತ್ರ ದುಡ್ಡಿದೆ. ಕೇಳಿ ಕೇಳಿ ಬಾಯಿ ಸೋತಿತು.

ಕೊನೆಗೆ ಡಾಕ್ಟ್ರೇ ಒಂದು ದಿನ ಕೇಂದ್ರ ಕಟ್ಟಿಸುವವರ ಹತ್ತಿರ ಹೋಗಿ, ಬೇರೆ ಏನೂ ಬೇಡ, ಕಟ್ಟಡವನ್ನು ಪೂರ್ವಕ್ಕೆ ತಿರುಗಿಸಿ ಅಂದರಂತೆ. ಹಾಗೆ ಮಾಡಿದರೆ ರಸ್ತೆಯಿಂದ ಕಮಾನು ಕಾಣಿಸುವುದಿಲ್ಲ ಸಾರ್ ಅಂತ ಉತ್ತರ ಬಂತು.

ಕಮಾನಿನ ಬಣ್ಣ ಯಾವುದು ಅಂತ ಮುಂದಿನ ವಾರ ಮೀಟಿಂಗ್ ಇದೆ. ಕಾಫಿ, ಬೋಂಡ ಇರುತ್ತದಂತೆ. ಕೆಂಪ ಖಂಡಿತ ಬರುತ್ತಾನೆ.